ಹಿಸ್ಟೋಗ್ರಾಮ್ ಕಾಕಾ

ಬೆಳಗಾವಿಯ ಯಾವ ಮದುವೆಗೆ ಹೋಗಿ, ಖಾನಾಪುರದ ಯಾವ ಕಾಡಿಗೆ ಹೊರಡಿ, ಕೊರಳಲ್ಲಿ ಕ್ಯಾಮೆರಾ, ಹೆಗಲಲ್ಲಿ ಲ್ಯಾಪ್‌ಟಾಪ್ ಹೊತ್ತ ಒಬ್ಬ ಕಾಕಾ ಅಲ್ಲಿ ಹಾಜರು. ಟಿಳಕವಾಡಿಯ ಕಡೆ ಮನೆ, ನಿವೃತ್ತಿಯಾದ ನೌಕರಿ, ತುಂಬಿದ ಹಾರ್ಡ್ ಡಿಸ್ಕು. ಫೋಟೊ ತೆಗೆಯುವುದಕ್ಕಿಂತ, ತೆಗೆದದ್ದರ ನಾಡಿ ಹಿಡಿದು ನೋಡುವುದರಲ್ಲೇ ಅವರಿಗೆ ಸುಖ.

ನೆಂಟರ ದಂಡೊಂದು ಹಲಸಿಗೆ ಹೋಗಿತ್ತು. ಭೂವರಾಹ ನರಸಿಂಹ ದೇವಸ್ಥಾನದ ಅಂಗಳದಲ್ಲಿ ಕೆಂಪು ಇಳಕಲ್ ಸೀರೆ ಉಟ್ಟ ಹೊಸ ಸೊಸೆ ನಿಂತಳು. ಕಾಕಾ ಒಂದೇ ಒಂದು ಫೋಟೊ ತೆಗೆದರು. ತಕ್ಷಣ ಕಾರ್ಡ್ ಕಿತ್ತು ಲ್ಯಾಪ್‌ಟಾಪಿಗೆ ತುರುಕಿ ಕಟ್ಟೆಯ ಮೇಲೆ ಕೂತೇಬಿಟ್ಟರು. ಪರದೆಯ ತುಂಬ ಕೆಂಪು. ಸೀರೆಯೂ ಕೆಂಪು, ಎಚ್ಚರಿಕೆಯ ಗುರುತೂ ಕೆಂಪು; ಯಾವುದು ಎಲ್ಲಿಗೆ ಮುಗಿಯಿತೋ ಆ ನರಸಿಂಹನೇ ಬಲ್ಲ.

“ಸುಟ್ಟೈತೇನ್ರಿ ಕಾಕಾ?”

“ಇಲ್ಲವ್ವ, ಜೆಪೆಗ್ ಸುಟ್ಟೈತಿ. ರಾ ಒಳಗ ಎಲ್ಲಾ ಬರೋಬ್ಬರಿ ಐತಿ, ನಿಂದ್ರು.”

ಆಕೆ ನಿಂತಳು. ಬಿಸಿಲು ಏರಿತು. ಬುತ್ತಿಯ ರೊಟ್ಟಿ ಕಟಕಟ ಎನ್ನತೊಡಗಿತು. ಕಾಕಾನ ಪಾಠ ಮಾತ್ರ ಆಗಷ್ಟೇ ಶುರುವಾಗಿತ್ತು.

ಸಿಟ್ಟು ಬರುವುದು ಅವರು ಹೇಳುವುದು ತಪ್ಪು ಅಂತಲ್ಲ, ಪೂರ್ತಿ ಸರಿ ಅಂತ. ಕ್ಯಾಮೆರಾದ ಪರದೆಯ ಮೇಲೆ ಮಿಣಮಿಣ ಎನ್ನುವ ಎಚ್ಚರಿಕೆ ಸಾಮಾನ್ಯವಾಗಿ ಸೆನ್ಸರಿನ ಹಸಿ ದತ್ತಾಂಶವಿರುವ ರಾ ಫೈಲಿನದಲ್ಲ, ಕ್ಯಾಮೆರಾ ತಾನೇ ಬೇಯಿಸಿಟ್ಟ ಜೆಪೆಗ್ಗಿನದು. ಜೆಪೆಗ್ಗಿನಲ್ಲಿ ಬಣ್ಣವೊಂದಕ್ಕೆ 256 ಹಂತ; 14 ಬಿಟ್ಟಿನ ರಾದಲ್ಲಿ 16,384. ಬಿಸಿಲಲ್ಲಿ ಸೆನ್ಸರಿನ ಕೆಂಪು ಹಸಿರಿನಷ್ಟು ತುಂಬುವುದಿಲ್ಲ, ಆದ್ದರಿಂದ ವೈಟ್ ಬ್ಯಾಲೆನ್ಸ್ ಸರಿಮಾಡುವಾಗ ಸಾಫ್ಟ್‌ವೇರು ಕೆಂಪನ್ನು ಗುಣಿಸಿ ಹಿಗ್ಗಿಸುತ್ತದೆ. ಇಳಕಲ್ ಸೀರೆ ಗಡಿ ದಾಟುವುದು ಆ ಗುಣಾಕಾರದಲ್ಲಿ. ಸೆನ್ಸರಿನಲ್ಲಿ ಅದರ ಎಳೆ ಎಳೆಯೂ ಉಳಿದಿರಬಹುದು. ಲೈಟ್‌ರೂಮಿನಲ್ಲಿ ‘ಜೆ’ ಒತ್ತಿದರೆ ಬರುವ ಗುರುತುಗಳು, ಸುಟ್ಟ ಬೆಳಕಿಗೆ ಕೆಂಪು, ಮುಚ್ಚಿದ ಕತ್ತಲಿಗೆ ನೀಲಿ, ಸಂಸ್ಕರಿಸಿದ ಚಿತ್ರದ ಸುದ್ದಿ ಹೇಳುತ್ತವೆ. ಫಾಸ್ಟ್‌ರಾವ್ಯೂವರ್ ಎಂಬ ಸಾಫ್ಟ್‌ವೇರು ತೋರಿಸುವುದು ರಾ ದತ್ತಾಂಶದ್ದೇ ಹಿಸ್ಟೋಗ್ರಾಮ್, ಅಂದರೆ ಕಪ್ಪಿನಿಂದ ಬಿಳುಪಿನವರೆಗೆ ಬೆಳಕು ಹಂಚಿಹೋದ ನಕ್ಷೆ. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದು. ಕಾಕಾ ಹಾಗೆ ಹೇಳಿದ್ದನ್ನು ಬೆಳಗಾವಿ ಕಂಡಿಲ್ಲ.

ಉಳಿದ ಲಕ್ಷಣಗಳು ಚಿಲ್ಲರೆ. ಯಾವ ಫೋಟೊ ತೋರಿಸಿದರೂ “ಚಲೋ ಐತಿ” ಅನ್ನುವ ಮುಂಚೆ ನೂರು ಪ್ರತಿಶತ ಹಿಗ್ಗಿಸಿ ಕಣ್ಣಿನ ರೆಪ್ಪೆ ಎಣಿಸುತ್ತಾರೆ. ಕುಂದಾ ತಿಂದ ಕೈ ಕೀಬೋರ್ಡಿನ ಹತ್ತಿರ ಬಂದರೆ ಸಂಬಂಧ ಮುರಿಯಿತು. ಮಳೆಗಾಲದಲ್ಲಿ ಜಾಂಬೋಟಿಗೆ ಹೋದರೆ, ಮಂಜಿಗೆ ಹಿಸ್ಟೋಗ್ರಾಮು ನಡುವೆಯೇ ಗುಂಪುಗೂಡಿ, ಈ ತಾಲ್ಲೂಕಿನಲ್ಲಿ ಕಪ್ಪೂ ಇಲ್ಲ ಬಿಳುಪೂ ಇಲ್ಲ ಅಂತ ಗೊಣಗುತ್ತಾರೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಲ್ಲಿ ಮಾತ್ರ ದೊಡ್ಡ ಮನಸ್ಸು. 1204ರ ಆ ಬಸದಿಯ ನುಣುಪಾದ ಕಂಬದ ಮೇಲೆ ಬೆಳಕು ಫಳಕ್ಕೆಂದರೆ, “ಅದು ಹೊಳಪು, ಸುಡಲಿ ಬಿಡ್ರಿ. ಅದರಾಗ ವಿವರ ಏನಿರತೈತಿ?” ಎನ್ನುತ್ತಾರೆ. ಇದೂ ಸರಿಯೇ.

ಜಾಂಬೋಟಿ ಕಡೆಯ ಅಜ್ಜನೊಬ್ಬ ತೀರಿಕೊಂಡಾಗ ಮನೆಯವರು ಗೋಡೆಗೆ ಹಾಕಲು ಫೋಟೊ ಹುಡುಕಿದರು. ಇದ್ದದ್ದು ಒಂದೇ, ಕಾಕಾ ಯಾವಾಗಲೋ ತೆಗೆದದ್ದು: ಬಾಗಿಲಲ್ಲಿ ಬಿಳಿ ಧೋತರದ ಅಜ್ಜ, ಹಿಂದೆ ಹೊಗೆ ಹಿಡಿದ ಕತ್ತಲು. ವಾಟ್ಸಾಪಿನಲ್ಲಿ ಬಂದ ಪ್ರತಿಯಲ್ಲಿ ಮುಖವೇ ಇರಲಿಲ್ಲ, ಬರೀ ಕಪ್ಪು. ಸ್ಟುಡಿಯೊದವರು ಕೈಚೆಲ್ಲಿದ್ದರು. ಕಾಕಾ ರಾ ಫೈಲು ತೆರೆದರು. ಮುಖದ ಮೇಲೆಲ್ಲ ನೀಲಿ ಎಚ್ಚರಿಕೆ. ಅದನ್ನು ಲೆಕ್ಕಿಸದೆ ರಾ ಹಿಸ್ಟೋಗ್ರಾಮಿನ ಎಡತುದಿ ನೋಡಿದರು, ದತ್ತಾಂಶ ಇತ್ತು. ನೆರಳನ್ನು ಮೆಲ್ಲಗೆ ಎತ್ತಿದರು. ಸ್ವಲ್ಪ ಕಾಳುಕಾಳಾಗಿ ಮೀಸೆ ಬಂತು, ಸುಕ್ಕು ಬಂತು, ಅಜ್ಜ ಬಂದ. ಧೋತರದ ನಿರಿಗೆಯೂ ಉಳಿದಿತ್ತು. ಆ ದಿನ ಕಾಕಾ ಪಾಠ ಮಾಡಲಿಲ್ಲ, ಪ್ರಿಂಟ್ ಹಾಕಿಸಿದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಆಮೇಲೆ ಯಾರಿಗೂ ಅವರ ಮೇಲೆ ನೆಟ್ಟಗೆ ಸಿಟ್ಟು ಮಾಡಲು ಆಗುತ್ತಿಲ್ಲ, ಅದೇ ಈಗಿನ ತೊಂದರೆ.

ಹಲಸಿಯ ಸೊಸೆಯ ಫೋಟೊ ಮಾತ್ರ ಇನ್ನೂ ಬಂದಿಲ್ಲ. ಆಕೆಯ ಮಗ ಈಗ ಅಂಗನವಾಡಿಗೆ ಹೋಗುತ್ತಾನೆ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವ ಆಯ್ಕೆ ರಾ ತೆಗೆಯುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಾಕಾನ ಜೊತೆ ಹೊರಡುವವರು ಗಾಡಿ ಹತ್ತುವ ಮೊದಲೇ ಅದನ್ನು ಆನ್ ಮಾಡಿಸಿಕೊಳ್ಳಿ. ಜೆಪೆಗ್ ನಿಮಗೆ, ರಾ ಅವರಿಗೆ.