ಆಗ್ನೇಯಕ್ಕೆ ಮುಖ ಮಾಡಿದ ಭಾವ

ಡಿಶ್ ಕೂರಿಸಿಕೊಡಲು ಹೊನ್ನಾವರದಿಂದ ಹುಡುಗ ಬರುತ್ತಾನೆ ಎಂದರೆ ನಿಮಗೆ, ನಮಗೆ ಅದು ಅನುಕೂಲ. ನಮ್ಮ ಭಾವನಿಗೆ ಅವಮಾನ. ಯಾರೋ ಒಬ್ಬ ಬಂದು ತನ್ನ ಮನೆಯ ಮಾಡು ಹತ್ತಿ, ನಾಲ್ಕು ನಟ್ಟು ಬಿಗಿದು, ಮುನ್ನೂರು ರೂಪಾಯಿ ಕಿಸೆಗೆ ಹಾಕಿಕೊಂಡು ಬೈಕ್ ಹತ್ತುವುದೆಂದರೇನು! ಆ ಮುನ್ನೂರನ್ನು ಉಳಿಸುವುದಕ್ಕಾಗಿ ಭಾವ ಒಂದು ಡ್ರಿಲ್ಲಿಂಗ್ ಮಷಿನ್ನು, ಎರಡು ನಮೂನೆಯ ಸ್ಪ್ಯಾನರ್ ಸೆಟ್ಟು, ಕೇಬಲ್ ಸುಲಿಯುವ ಇಕ್ಕಳ, ಪೀಂ ಎಂದು ಕೂಗುವ ಸಿಗ್ನಲ್ ಮೀಟರು, ಇಷ್ಟನ್ನು ಕೊಂಡಿದ್ದಾರೆ. ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಆದರೂ ಈ ಖರ್ಚು ಮಾತ್ರ ಯಾವ ಖಾತೆಯಲ್ಲೂ ಬೀಳಲಿಲ್ಲ. ಕೇಳಿದರೆ, "ಸಾಮಾನು ಮನೇಲೇ ಇರ್ತು. ಮುನ್ನೂರು ಹೋದ್ರೆ ಹೋತು" ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ.

ಇಂಥವರನ್ನು ನೀವೂ ಕಂಡಿರುತ್ತೀರಿ. ಮಿಕ್ಸಿ ನಿಂತರೆ ಮೊದಲು ಬಿಚ್ಚುತ್ತಾರೆ, ಆಮೇಲೆ ಕರೆಂಟು ಇದೆಯೋ ಎಂದು ನೋಡುತ್ತಾರೆ. ಮದುವೆಮನೆಗೆ ಹೋದರೂ ಊಟಕ್ಕಿಂತ ಮೊದಲು ಜನರೇಟರ್ ಹತ್ತಿರ ನಿಂತಿರುತ್ತಾರೆ. ಬಾವಿ ಪಂಪಿನ ವಾಷರು ಅಂಗಿಯ ಕಿಸೆಯಲ್ಲೇ ಇದ್ದು, ಸಂಕಷ್ಟಿಯ ದಿನ ದೇವರ ಮುಂದೆ ದಕ್ಷಿಣೆಗೆಂದು ಕೈ ಹಾಕಿದಾಗ ಅದೇ ಹೊರಗೆ ಬರುತ್ತದೆ. ನಮ್ಮ ಭಾವನಲ್ಲಿ ಇದೆಲ್ಲ ಇದೆ. ಆದರೆ ಅವರ ಜೀವ ಇರುವುದು ಆಕಾಶದಲ್ಲಿ.

ಅದು ಶುರುವಾದದ್ದು ರಾಮಾಯಣದಿಂದ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ಧಾರಾವಾಹಿ ಆರಂಭವಾದಾಗ ಘಟ್ಟದ ಕೆಳಗಿನ ಊರು ಕರ್ಕಿಯ ಭಾವನ ಮನೆಗೆ ಚಿತ್ರ ಬರುವುದೇ ಕಷ್ಟ. ಭಾವ ಅಡಕೆಮರದ ದಬ್ಬೆಗಳನ್ನು ಜೋಡಿಸಿ ಕಂಬ ಮಾಡಿ, ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ ಅದನ್ನು ಹೊತ್ತೊಯ್ದು ಬಾವಿಕಟ್ಟೆಯ ಬಳಿ ನಿಲ್ಲಿಸುತ್ತಿದ್ದರು. ತೆರೆಯ ಮೇಲಿನ ಚುಕ್ಕೆಗಳ ನಡುವೆ ಹನುಮಂತ ಯಾರು, ಜಾಂಬವಂತ ಯಾರು ಎಂದು ಅವರ ಆಯಿ ಕೇಳಿದರೆ ಧ್ವನಿಯ ಮೇಲೆ ಅಂದಾಜು ಮಾಡಿ ಹೇಳಬೇಕಿತ್ತು. ಆಮೇಲೆ ಕೇಬಲ್ಲಿನವರು ಬಂದರು, ಬಲೆಬಲೆಯ ದೊಡ್ಡ ಡಿಶ್ ಇಟ್ಟರು. ಭಾವ ಆ ಕಾಲವನ್ನು ವನವಾಸವೆಂದು ಭಾವಿಸಿ ಕಳೆದರು. 2004ರ ಡಿಸೆಂಬರಿನಲ್ಲಿ ದೂರದರ್ಶನ ಡಿಡಿ ಡೈರೆಕ್ಟ್ ಪ್ಲಸ್ ಆರಂಭಿಸಿತು. ಈಗ ಅದು ಡಿಡಿ ಫ್ರೀ ಡಿಶ್. ಪೆಟ್ಟಿಗೆ, ತಟ್ಟೆ ಒಮ್ಮೆ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಬಾಡಿಗೆ ಇಲ್ಲ ಎಂಬುದಕ್ಕಿಂತ, ಕೂರಿಸಲು ಯಾವ ಕಂಪನಿಯ ಹುಡುಗನೂ ತಾನಾಗಿ ಬರುವುದಿಲ್ಲ ಎಂಬುದೇ ಭಾವನ ಕಣ್ಣಿಗೆ ಅದರ ದೊಡ್ಡ ಗುಣ.

ವಿಷಯ ಬಹಳ ಸಸಾರ ಎಂದು ಅವರ ವಾದ. ಉಪಗ್ರಹ ಇರುವುದು ಭೂಮಧ್ಯರೇಖೆಯ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಭೂಮಿ ತಿರುಗಿದಷ್ಟೇ ವೇಗದಲ್ಲಿ ತಾನೂ ಸುತ್ತುವುದರಿಂದ ನಮ್ಮ ಪಾಲಿಗೆ ನಿಂತಲ್ಲೇ ನಿಂತಿರುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15ರ ಜಾಗ 93.5 ಡಿಗ್ರಿ ಪೂರ್ವ. ಕರ್ಕಿಯಲ್ಲಿ ನಿಂತು ನೋಡಿದರೆ ಆಗ್ನೇಯಕ್ಕೆ, ಗೇರುಸೊಪ್ಪೆಯ ದಿಕ್ಕಿನಿಂದ ಇನ್ನೂ ಚೂರು ತೆಂಕಕ್ಕೆ ಸರಿದು, ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ. ಆಗ್ನೇಯ ಎಂದ ಕೂಡಲೇ ಆಯಿ, "ಅದು ಒಲೆ ಮೂಲೆ. ಅಲ್ಲೆಂತಕ್ಕೆ ಟೀವಿ?" ಎಂದು ಆಕ್ಷೇಪ ಎತ್ತಿದ್ದರು. ಇದರ ಮೇಲೆ ಆ ತಟ್ಟೆಯದೇ ಒಂದು ಕಪಟವಿದೆ. ಅದರ ಮುಖ ಇರುವ ಕಡೆ ಅದರ ದೃಷ್ಟಿ ಇಲ್ಲ. ಆಫ್‌ಸೆಟ್ ಡಿಶ್ ಎನ್ನುತ್ತಾರೆ. ಪಕ್ಕದ ತೋಟದ ತೆಂಗಿನಮರ ನೋಡುತ್ತಿದ್ದೇನೆಂದು ನಟಿಸುತ್ತ, ನಿಜದಲ್ಲಿ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲೆ ಕಣ್ಣಿಟ್ಟಿರುತ್ತದೆ. ಇಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಮೇಲೆ ಆರುನೂರು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ.

ಇದೆಲ್ಲ ತಿಳಿದೂ ಭಾವ ಮೊದಲು ಮಾಡಿದ ಕೆಲಸವೆಂದರೆ ದಿಕ್ಸೂಚಿಯನ್ನು ಕಬ್ಬಿಣದ ಪೈಪಿಗೆ ತಾಗಿಸಿ ಹಿಡಿದು ದಿಕ್ಕು ನೋಡಿದ್ದು. ಆ ಮುಳ್ಳಿಗೆ ಉತ್ತರ ಧ್ರುವಕ್ಕಿಂತ ಪೈಪೇ ಹತ್ತಿರ. ಮಧ್ಯಾಹ್ನದ ಊಟದವರೆಗೂ ನಮ್ಮ ಡಿಶ್ ಅರಬ್ಬೀ ಸಮುದ್ರವನ್ನು ನೋಡಿಕೊಂಡಿತ್ತು.

ಊಟವಾದ ಮೇಲೆ ವ್ಯೂಹ ರಚನೆಯಾಯಿತು. ಮಾಡಿನ ಮೇಲೆ ಭಾವ. ಅಂಗಳದಲ್ಲಿ ಅಕ್ಕ. ಕಿಟಕಿಯಲ್ಲಿ ಅವರ ಮಾಣಿ. ಟೀವಿಯ ಮುಂದೆ ನಾನು. ಎಂ.ಎ. ಮಾಡಿದವನೆಂಬ ಗೌರವಕ್ಕೆ ಕುರ್ಚಿಯನ್ನೂ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿ 11090, ವರ್ಟಿಕಲ್, 29500 ಎಂದು ತುಂಬಿಸಿ ಆಗಿತ್ತು. ಭಾವ ಈ ಅಂಕಿಗಳನ್ನು ಸಂಧ್ಯಾವಂದನೆಗಿಂತ ಸ್ಪಷ್ಟವಾಗಿ ಹೇಳುತ್ತಾರೆ. ತೆರೆಯ ಮೇಲೆ ಎರಡು ಪಟ್ಟಿ, ಸ್ಟ್ರೆಂತ್ ಒಂದು, ಕ್ವಾಲಿಟಿ ಒಂದು. ಸ್ಟ್ರೆಂತ್ ಮಹಾ ಸುಳ್ಳುಗಾರ. ತಟ್ಟೆಯ ಮುಂದಿನ ಎಲ್‌ಎನ್‌ಬಿಗೆ ಕರೆಂಟು ಮುಟ್ಟಿದರೆ ಸಾಕು, ಡಿಶ್ ಗೊಬ್ಬರಗುಂಡಿ ನೋಡುತ್ತಿದ್ದರೂ ಅದು ಎಪ್ಪತ್ತು ತೋರಿಸುತ್ತದೆ. ಸತ್ಯ ಹೇಳುವುದು ಕ್ವಾಲಿಟಿ. ಅದು ಸೊನ್ನೆ.

"ಬಂತನಾ ತಮಾ?" ಮಾಡಿನಿಂದ.

"ಬಂತನಡ!" ಅಕ್ಕ ಅಂಗಳದಿಂದ.

"ಮಾವಾ, ಬಂತಾ ಕೇಳ್ತಾ ಇದ್ದ ಅಪ್ಪಯ್ಯ."

"ಇಲ್ಲೆ."

ಈ 'ಇಲ್ಲೆ' ಕಿಟಕಿ, ಅಂಗಳ ದಾಟಿ ಮಾಡು ಮುಟ್ಟುವಷ್ಟರಲ್ಲಿ ಭಾವ ತಟ್ಟೆಯನ್ನು ಇನ್ನೂ ನಾಲ್ಕು ಬೆರಳು ತಿರುಗಿಸಿರುತ್ತಾರೆ. ಒಮ್ಮೆ ಥಟ್ಟನೆ ಕ್ವಾಲಿಟಿ ಹದಿನೆಂಟು ತೋರಿಸಿತು. "ಬಂತು!" ಎಂದೆ. ಮಾಣಿ ಬಂತು ಎಂದ. ಅಕ್ಕ "ಬಂತಡ!" ಎಂದಳು. ಭಾವ ಆಗ ನಟ್ಟು ಬಿಗಿದದ್ದು ಸುದ್ದಿ ಮುಟ್ಟಿದ ಜಾಗದಲ್ಲಿ, ಸಿಗ್ನಲ್ ಸಿಕ್ಕಿದ ಜಾಗದಲ್ಲಲ್ಲ. ಮತ್ತೆ ಸೊನ್ನೆ.

"ಈಗ ಬಂತು ಅಂದ್ಯಲೋ!"

"ಬಂದಿತ್ತು ಭಾವ."

"ಬಂದಿತ್ತು ಅಂದ್ರೆ ಎಂತದು?"

36,000 ಕಿಲೋಮೀಟರ್ ಮೇಲಿನಿಂದ ಹೊರಟ ಸಿಗ್ನಲ್ಲು ಸೆಕೆಂಡಿನ ಎಂಟನೇ ಒಂದು ಪಾಲಿನಲ್ಲಿ ನಮ್ಮ ಮಾಡಿಗೆ ಬಂದು ಮುಟ್ಟುತ್ತದೆ. ಅಲ್ಲಿಂದ ಟೀವಿಯ ತನಕದ ಮೂವತ್ತು ಅಡಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಇಸ್ರೋ ಲೆಕ್ಕ ಹಾಕಿಲ್ಲ. ಮೊಬೈಲಿನಲ್ಲೇ ಹೇಳಬಹುದಲ್ಲ ಎಂದರೆ ಭಾವನಿಗೆ ಎರಡೂ ಕೈ ಬೇಕು. ಒಂದು ತಟ್ಟೆಗೆ, ಇನ್ನೊಂದು ಪ್ರಾಣಕ್ಕೆ.

ಕೊನೆಗೆ ಮೀಟರು ಹೊರಗೆ ಬಂತು. ಪೀಂ ಎಂದು ಜೋರಾಗಿ ಕೂಗಿತು. ಭಾವ "ಸಿಕ್ಚು!" ಎಂದು ಎಲ್ಲ ನಟ್ಟುಗಳನ್ನೂ ಹಲ್ಲು ಕಚ್ಚಿ ಬಿಗಿದರು. ನನ್ನ ಮುಂದೆ ಕ್ವಾಲಿಟಿ ಹಾಗೇ ಸೊನ್ನೆ. ಈ ಮೀಟರಿಗೆ ಉಪಗ್ರಹಗಳ ಕುಲಗೋತ್ರ ತಿಳಿಯುವುದಿಲ್ಲ, ಯಾವುದು ಸಿಕ್ಕರೂ ಕೂಗುತ್ತದೆ. ನಮಗೆ ಬೇಕಾದ 93.5ರ ಮಗ್ಗುಲಲ್ಲೇ, 95 ಡಿಗ್ರಿಯಲ್ಲಿ, ದುಡ್ಡು ಕೊಟ್ಟವರಿಗೆ ಮಾತ್ರ ಚಿತ್ರ ಕೊಡುವವರ ಉಪಗ್ರಹವಿದೆ. ಅತ್ತ 88ರಲ್ಲಿ ಇನ್ನೊಂದು. ಭಾವ ಯಾರ ಮನೆಯ ಬಾಗಿಲು ತಟ್ಟಿದ್ದರೋ! ಆದರೆ ಮಾಡಿನ ಮೇಲಿದ್ದವರು ಮೀಟರನ್ನು ನಂಬಿದರು, ನನ್ನನ್ನು ನಂಬಲಿಲ್ಲ. "ಟೀವಿ ಸರಿ ಇಲ್ಲೆ" ಎಂದು ಅಲ್ಲಿಂದಲೇ ತೀರ್ಪು ಕೊಟ್ಟರು. ನಾಲ್ಕು ಹೆಂಚು ಒಡೆದ ಮೇಲೆ, ದಾರಿಹೋಕರ ಸಲಹೆಗಳೆಲ್ಲ ಮುಗಿದ ಮೇಲೆ, ಯಕ್ಷಗಾನ ಆಟದ ಚಂಡೆ ಬಡಿಯುವ ಹೊತ್ತಿಗೆ ದೂರದರ್ಶನದ ಚಂದನ ಬಂತು.

ಆಟ ಎಂದಾಗ ನೆನಪಾಯಿತು. ಭಾವನನ್ನು ಯಾರಾದರೂ ಗೇಲಿ ಮಾಡಿದರೆ ಅವರು ಊರಿನ ಚರಿತ್ರೆ ತೆಗೆಯುತ್ತಾರೆ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಯ ಅರಸರ ಮುಂದೆ ಆಟ ಆಡಿತು. ಅದೇ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆ ಸೀತಾ ಸ್ವಯಂವರ ಆಡಿಸಿದರು, ಮರಾಠಿ ರಂಗಭೂಮಿ ಶುರುವಾಯಿತು. ಆ ಮೇಳ ನಮ್ಮ ಕರ್ಕಿಯ ಹಾಸ್ಯಗಾರ ಮನೆತನದ್ದೇ ಎಂಬುದು ಊರಿನ ಹೆಮ್ಮೆ. "ಆಗ ಕರ್ಕಿಯಿಂದ ಸಾಂಗ್ಲಿಗೆ ಪ್ರಸಾರ. ಯಾವ ಡಿಶ್ ಇತ್ತು?" ಎಂದು ಭಾವ ಕೇಳುತ್ತಾರೆ. ಅದಕ್ಕೂ ಒಡೆದ ಹೆಂಚಿಗೂ ಏನು ಸಂಬಂಧ ಎಂದು ಅಕ್ಕ ಕೇಳಿದರೆ ಉತ್ತರ ಇರುವುದಿಲ್ಲ.

ಡಿಶ್ ಕೂರಿಸುವುದು ಒಂದು ದಿನದ ಕೆಲಸ. ಕಾಪಾಡುವುದು ವರ್ಷದ್ದು. ಉಪ್ಪುಗಾಳಿಗೆ ನಟ್ಟು ತುಕ್ಕು ಹಿಡಿದು ಎರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ. ಚಿರೇಕಲ್ಲಿನ ಗೋಡೆ ಬೋಲ್ಟನ್ನು ಹಿಡಿದಿಡುವುದಿಲ್ಲ. ಮಂಗಗಳಿಗೆ ಎಲ್‌ಎನ್‌ಬಿಯ ಕೈ ಎಂದರೆ ಜೋಕಾಲಿ. ನೀರು ಹೊಗದಿರಲಿ ಎಂದು ಭಾವ ಅದಕ್ಕೆ ಎಣ್ಣೆ ಪ್ಯಾಕೆಟ್ಟಿನ ಟೊಪ್ಪಿಗೆ ಹಾಕಿದ್ದಾರೆ. ಇನ್ನು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಹೊಯ್ಯುವ ಊರು ನಮ್ಮದು. ಕೆಯು ಬ್ಯಾಂಡಿನ ಅಲೆ ಸುಮಾರು ಎರಡೂವರೆ ಸೆಂಟಿಮೀಟರಿನದು, ದಪ್ಪ ಹನಿಗಳು ಅದನ್ನು ದಾರಿಯಲ್ಲೇ ನುಂಗಿಬಿಡುತ್ತವೆ. ಹತ್ತು ನಿಮಿಷ ಸುಮ್ಮನಿದ್ದರೆ ಮಳೆ ತಗ್ಗಿ ಚಿತ್ರ ತಾನೇ ಮರಳುತ್ತದೆ. ಆದರೆ ಸುಮ್ಮನಿರುವವನು ಭಾವ ಹೇಗಾದಾನು? ಕಂಬಳಿಕೊಪ್ಪೆ ಹಾಕಿ ಏಣಿ ಹತ್ತುತ್ತಾರೆ, ಸರಿಯಾಗಿದ್ದುದನ್ನು ಸಡಿಲಿಸುತ್ತಾರೆ. ಮಳೆ ನಿಂತ ಮೇಲೆ ಊರಿಗೆಲ್ಲ ಟೀವಿ ಬರುತ್ತದೆ, ನಮ್ಮನೆಯಲ್ಲಿ ವ್ಯೂಹ ರಚನೆಯಾಗುತ್ತದೆ.

ನಡುವೆ ಅಕ್ಕ ಹಟ ಹಿಡಿದು ಧಾರಾವಾಹಿಗಾಗಿ ದುಡ್ಡಿನ ಡಿಶ್ ಹಾಕಿಸಿದ್ದಳು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ನೂರು ಚಾನೆಲ್ಲಿಗೆ 130 ರೂಪಾಯಿ, ಮೇಲೆ ತೆರಿಗೆ, ಬೇಕಾದ ಚಾನೆಲ್ಲುಗಳಿಗೆ ಬೇರೆಯೇ ದರ. ಭಾವನ ಒಳಗಿನ ಲೆಕ್ಕಿಗ ಎದ್ದು ಕೂತ. ಅದೇ ವಾರ ಆ ಡಿಶ್ ಇಳಿಯಿತು, ಫ್ರೀ ಡಿಶ್ ಏರಿತು. ಧಾರಾವಾಹಿಯ ಸೊಸೆ ಆಗ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದಳು. ಅವಳು ಬದುಕಿದಳೋ ಇಲ್ಲವೋ ಅಕ್ಕನಿಗೆ ಎಷ್ಟೋ ದಿನ ಗೊತ್ತಾಗಲಿಲ್ಲ. ಕನ್ನಡಕ್ಕೆ ಆಗ ಚಂದನವೇ ಗತಿಯಾಗಿತ್ತು, ಸುತ್ತಮುತ್ತ ಹಿಂದಿ ಮತ್ತು ಭೋಜಪುರಿ. ಅಕ್ಕ ಭೋಜಪುರಿ ಸಿನಿಮಾ ನೋಡುತ್ತ ಆಯಿಗೆ ಕಥೆ ಹೇಳಲು ಶುರುಮಾಡಿದಳು. ಭಾಷೆ ಇಬ್ಬರಿಗೂ ತಿಳಿಯದು. ಕಥೆ ಮಾತ್ರ ಮೂಲಕ್ಕಿಂತ ಚೆನ್ನಾಗಿರುತ್ತಿತ್ತು ಎಂದು ನನ್ನ ನಂಬಿಕೆ. ಇಳಿಸಿದ ಡಿಶ್ಶಿನಲ್ಲಿ ಬಾಳೆಲೆ ಹಾಸಿ ಈಗ ಮುರುಗಲ ಸಿಪ್ಪೆ ಒಣಗಿಸುತ್ತಾಳೆ.

ವಿಚಿತ್ರವೆಂದರೆ ಭಾವ ಟೀವಿ ನೋಡುವುದಿಲ್ಲ. ಚಿತ್ರ ನಿಂತಿತೆಂದು ಖಾತ್ರಿಯಾದ ಕೂಡಲೇ ಕೈತೊಳೆದು ಜಗಲಿಗೆ ಬಂದು, ಟೀವಿಗೆ ಬೆನ್ನು ಹಾಕಿ, ಕವಳದ ಹರಿವಾಣ ಎಳೆದುಕೊಳ್ಳುತ್ತಾರೆ. ಒಳಗೆ ಯಾರು ಯಾರನ್ನು ಕೊಂದರೂ, ಮದುವೆಯಾದರೂ ಅವರಿಗೆ ಬೇಡ. ಅಷ್ಟು ದೂರದ್ದು ತನ್ನ ಕೈಗೆ ಸಿಕ್ಕಿತಲ್ಲ, ಅಷ್ಟು ಸಾಕು. ಈಗ ಮಾಣಿ ಬೆಂಗಳೂರಿನಲ್ಲಿದ್ದಾನೆ, ಬೇಕಾದ್ದನ್ನು ಫೋನಿನಲ್ಲಿ ನೋಡುತ್ತಾನೆ. ಆಯಿ ಇಲ್ಲ. ಕರೆಂಟು ಕಂಬದ ಮೇಲಿಂದ ಫೈಬರ್ ತಂತಿ ಕರ್ಕಿಗೂ ಬಂದಿದೆ, ಅದಕ್ಕೆ ದಿಕ್ಕು ಬೇಡ, ಡಿಗ್ರಿ ಬೇಡ, ಕಿಟಕಿಯಲ್ಲಿ ನಿಲ್ಲುವವರೂ ಬೇಡ. ಒಂದು ಅಂಕಿ ಮೇಲೇರಲಿ ಎಂದು ಒಂದು ಮನೆಯ ಅಷ್ಟೂ ಜನ ಒಟ್ಟಿಗೆ ಉಸಿರು ಬಿಗಿಹಿಡಿದದ್ದನ್ನು ಆಮೇಲೆ ನಾನು ಕ್ರಿಕೆಟ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಹೀಗೆಂದು ಅಕ್ಕನ ಹತ್ತಿರ ಹೇಳಿದೆ. "ಹೌದು, ಹೆಂಚಿನ ದುಡ್ಡು ನೀ ಕೊಟ್ಟಿದ್ಯ?" ಎಂದಳು.

ಮೊನ್ನೆ ಭಾವನ ಫೋನು. ಚೌತಿ ಮುಗಿಸಿ ನಮ್ಮಲ್ಲಿಗೆ ಬರುತ್ತಾರಂತೆ. ಬನ್ನಿ ಭಾವ, ನಮ್ಮ ಡಿಶ್ ಮಾತ್ರ ಚೆನ್ನಾಗಿಯೇ ಇದೆ, ಚಿತ್ರ ಸ್ಪಷ್ಟ ಬರುತ್ತದೆ ಎಂದು ಮೊದಲೇ ಹೇಳಿಬಿಟ್ಟೆ.

"ಕ್ವಾಲಿಟಿ ಎಷ್ಟಿದ್ದು?"

"ಅರವತ್ತೆಂಟು."

"ಎಪ್ಪತ್ತೈದು ಮಾಡ್ಲಕ್ಕು. ಏಣಿ ಇದ್ದನಾ?"