ಹಮಾಲ ಕೂತ ದಿನ

'ಕಂಪ್ಯೂಟರ್ ಬಲ್ಲವನು' ಎಂಬ ಹೆಸರು ನೆಂಟರಲ್ಲಿ ಒಮ್ಮೆ ಬಿತ್ತೋ, ಮುಗಿಯಿತು. ಮದುವೆಗೆ ಕರೆಯದವರೂ ಪ್ರಿಂಟರಿಗೆ ಕರೆಯುತ್ತಾರೆ. ನನ್ನ ಸೋದರಮಾವ ಹುಮನಾಬಾದಿನಿಂದ ಬಂದು ಬೇಗಂ ಬಜಾರಿನಲ್ಲಿ ಗೋಡಂಬಿ, ದ್ರಾಕ್ಷಿ, ಅಂಜೂರದ ಸಗಟು ಅಂಗಡಿ ಇಟ್ಟವರು. ಕಾಚಿಗುಡದ ನಮ್ಮ ಮನೆಗೆ ವರ್ಷಕ್ಕೊಮ್ಮೆ ಬಾದಾಮಿ ಕಳಿಸುತ್ತಾರೆ. ಆ ಋಣ ತೀರಿಸಲು ನಾನು ವರ್ಷಕ್ಕೆ ಹತ್ತು ಸಲ ಹೋಗುತ್ತೇನೆ.

"ಹೊಸಾ ಬಿಲ್ಲಿನ ಪ್ರೋಗ್ರಾಂ ಒಳಗ ಹೋಗ್ಲತ್ತಿಲ್ಲ, ಹಳೇದು ಹೊರಗ ಬರ್ಲತ್ತಿಲ್ಲ. ಲಗೂ ಬಾ."

ಅಫ್ಜಲ್‌ಗಂಜಿನಲ್ಲಿ ಬಸ್ಸಿಳಿದು ನಡೆದೆ. ನಿಜಾಮ್ ಅಲಿ ಖಾನನ ಬೇಗಂ ವ್ಯಾಪಾರಿಗಳಿಗೆ ಕೊಟ್ಟ ಜಾಗವಂತೆ ಇದು. ಕೊಡುವಾಗ ರಸ್ತೆ ಬಿಡುವುದನ್ನು ಮರೆತರೋ ಏನೋ. ಎದುರುಬದುರು ಎರಡು ಕೈಗಾಡಿ ಬಂದರೆ ಇಬ್ಬರಲ್ಲೊಬ್ಬ ಹಿಂದೆ ಸರಿಯಬೇಕು. ಬೇಗಂ ಬಜಾರಿನಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ.

ಅಂಗಡಿಯಲ್ಲಿ ಕೋಠಿಯಿಂದ ಬಂದ ರಿಪೇರಿ ಹುಡುಗ ಆಗಲೇ ತೀರ್ಪು ಕೊಟ್ಟು ಚಹಾ ಕುಡಿಯುತ್ತಿದ್ದ: "ಫಾರ್ಮ್ಯಾಟ್ ಮಾರ್ ದೇತೂಂ ಸಾಬ್." ಈ ವೈದ್ಯರಿಗೆ ಗೊತ್ತಿರುವುದು ಇದೊಂದೇ ಮದ್ದು. ನೆಗಡಿ ಅಂದರೂ ತಲೆಯನ್ನೇ ಬದಲಾಯಿಸುತ್ತಾರೆ.

ಪರದೆಯ ಮೇಲೆ 1719 ಎಂಬ ದೋಷ. ವಿಂಡೋಸ್ ಇನ್‌ಸ್ಟಾಲರ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಮಾಮಾನಿಗೆ ಅವರದೇ ಭಾಷೆಯಲ್ಲಿ ಹೇಳಿದೆ: "ಮಾಮಾ, ಇದು ಕಂಪ್ಯೂಟರಿನ ಹಮಾಲ. 1999ರಿಂದ ಕೆಲಸಕ್ಕದಾನ. ಮಾಲು ಇಳಿಸೋನೂ ಅವನೇ, ಎತ್ತೋನೂ ಅವನೇ. ಈಗ ಕೂತುಬಿಟ್ಟಾನ."

"ಕೂಲಿ ಸಾಲದಾಗ್ಯದೇನು?"

ಕೂಲಿಯ ಮಾತಲ್ಲ. ಯಾರೋ ವೇಗ ಹೆಚ್ಚಿಸುತ್ತೇವೆಂದು ಯಾವುದೋ ಟೂಲ್ ಓಡಿಸಿ ಅವನನ್ನು ಕೆಲಸದಿಂದ ತೆಗೆದಿದ್ದರು. ಸರ್ವಿಸ್‌ಗಳ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಡಿಸೇಬಲ್ಡ್' ಎಂದಿತ್ತು. ಬದಲಾಯಿಸುವ ಗುಂಡಿಯೂ ಮಬ್ಬು. ರಿಜಿಸ್ಟ್ರಿಗೆ ಇಳಿದು ನೋಡಿದರೆ 'ಎಂಎಸ್‌ಐಸರ್ವರ್' ಕೆಳಗೆ 'ಸ್ಟಾರ್ಟ್' ಎದುರು 4 ಕೂತಿತ್ತು. ಅದನ್ನು 3 ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದೆ. ನಾಲ್ಕೆಂದರೆ ಮನೆಗೆ ಹೋಗು. ಮೂರೆಂದರೆ ಕರೆದಾಗ ಬಾ. ಇಷ್ಟಕ್ಕೆ ಫಾರ್ಮ್ಯಾಟ್ ಅಂತೆ! (ಕೆಲವು ಪ್ರೋಗ್ರಾಂಗಳು ತಮ್ಮ ಹಮಾಲನನ್ನು ತಾವೇ ಕರೆತರುತ್ತವೆ. ಹಾಗಾಗಿ ಬಿಲ್ಲಿನ ಪ್ರೋಗ್ರಾಂ ಇಳಿಯದ ಈ ದಿನಗಳಲ್ಲೂ ಮಾಮಾನ ಮೊಮ್ಮಗನ ಕಾರ್ ರೇಸ್ ಮಾತ್ರ ಸಲೀಸಾಗಿ ಇಳಿದಿತ್ತು.)

ಹೊಸದನ್ನು ಇಳಿಸಲು ಹೊರಟೆ. ಮಾಮಾನಿಗೆ ತಡೆಯಲಿಲ್ಲ, ನಾನು ನೀರು ಕುಡಿಯುವಷ್ಟರಲ್ಲಿ ಮೌಸ್ ಹಿಡಿದು ಇನ್ನೊಂದನ್ನೂ ಒತ್ತಿದರು. 1618: ಈಗಾಗಲೇ ಒಂದು ಇನ್‌ಸ್ಟಾಲ್ ನಡೆಯುತ್ತಿದೆ. ಹೊರಗೆ ಕೈತೋರಿಸಿದೆ. ಎರಡು ಕೈಗಾಡಿಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. "ಹಂಗಾ!" ಅಂದರು. ಅವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ, ಅಳಿಯನ ಮಾತು ಕೇಳುವುದೊಂದು ಬಿಟ್ಟು.

ಹೊಸದು ಇಳಿಯಿತು. ಹಳೆಯದನ್ನು ತೆಗೆಯಹೊರಟರೆ 1612: ಮಾಲು ಬಂದ ಮೂಲವೇ ಸಿಗುತ್ತಿಲ್ಲ.

ಇಲ್ಲಿ ನನ್ನ ಬೆವರಿಳಿಯಿತು. ಹಮಾಲ ಮಾಲು ಇಳಿಸಿದ ಪ್ರತಿಸಲವೂ ಅದರ ಚೀಟಿಯ ಒಂದು ಪ್ರತಿಯನ್ನು ಸಿ ಡ್ರೈವಿನ ವಿಂಡೋಸ್ ಒಳಗೆ 'ಇನ್‌ಸ್ಟಾಲರ್' ಎಂಬ ಮರೆಯ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಾನೆ. ಮಾಲು ವಾಪಸ್ ಎತ್ತಬೇಕಾದರೆ ಆ ಚೀಟಿ ಬೇಕು. ಕಳೆದ ದೀಪಾವಳಿಯಲ್ಲಿ ಡಿಸ್ಕ್ ತುಂಬಿದೆಯೆಂದು ಮಾಮಾ ಕರೆದಾಗ, ಹೆಸರೇ ಗೊತ್ತಾಗದ ಫೈಲುಗಳ ಆ ರಾಶಿಯನ್ನು ಕಸವೆಂದು ಗುಡಿಸಿದವನು ನಾನೇ. ಬಾದಾಮಿ ಹಲ್ವ ತಿಂದು, ಶಭಾಷ್ ಅನ್ನಿಸಿಕೊಂಡು ಬಂದಿದ್ದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಈ ಕಡೆಯ ಬಜಾರುಗಳಿಗೆ ನುಗ್ಗಿದಾಗ ಎಷ್ಟು ಖಾತೆವಹಿ ತೇಲಿಹೋದವೋ. ನದಿಗೆ ಕನಿಷ್ಠ ಮಳೆಯಾದರೂ ಬೇಕಿತ್ತು. ನನಗೆ ಶಿಫ್ಟು, ಡಿಲೀಟು ಸಾಕಾಯಿತು.

ಹಿಂದೆ ಮೈಕ್ರೋಸಾಫ್ಟ್ ಇಂಥದ್ದಕ್ಕೆ 'ಕ್ಲೀನ್ ಅಪ್' ಎಂಬ ಸಲಕರಣೆ ಕೊಟ್ಟಿತ್ತು. ಅದು ಬೇರೆಯದನ್ನೂ ಕೆಡಿಸುತ್ತದೆಂದು 2010ರಲ್ಲಿ ವಾಪಸ್ ತೆಗೆದುಕೊಂಡಿತು. ಈಗ ಇನ್‌ಸ್ಟಾಲ್-ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್ ಇದೆ. ಅದಕ್ಕೂ ಮೊದಲು ನೆಟ್ಟಗಿನ ದಾರಿಯೆಂದರೆ ಅದೇ ಆವೃತ್ತಿಯ ಮೂಲ ಡಿಸ್ಕ್.

"ಮಾಮಾ, ಹಳೇ ಸಿಡಿ ಇಟ್ಟೀರೇನ್ರಿ?"

ಮಾಮಾ ನನ್ನನ್ನು ದಿಟ್ಟಿಸಿದರು. "ಅಂಗಡಿ ಕಾಗದಾ ಯಾರರೆ ಒಗೀತಾರೇನು?" ಅಟ್ಟದಿಂದ ಗೋಡಂಬಿ ಡಬ್ಬಿ ಇಳಿಯಿತು. ಸಿಡಿ, ಅದರ ಬಿಲ್ಲು, ಬಿಲ್ಲಿಗೆ ಚುಚ್ಚಿದ ಗುಂಡುಪಿನ್ನು, ಎಲ್ಲ ಇದ್ದವು. ಕಂಪ್ಯೂಟರಿಗೆ ಸಿಡಿ ಡ್ರೈವ್ ಇರಲಿಲ್ಲ. ಅದೂ ಕೋಠಿಯ ಹುಡುಗನ ಚೀಲದಲ್ಲಿತ್ತು. ಮೂಲ ತೋರಿಸಿದ್ದೇ ಹಳೆಯದು ಗೊಣಗದೆ ಹೊರಟುಹೋಯಿತು.

"ಚೀಟಿ ಒಗೆದವ ಯಾರು?" ಎಂದು ಮಾಮಾ ಕೇಳಿದರು. ವೈರಸ್ಸು ಅಂದೆ. ಅವರು ಕನ್ನಡ ಪತ್ರಿಕೆ ತರಿಸುವುದನ್ನು ಬಿಟ್ಟು ಬಹಳ ದಿನವಾಯಿತೆಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ. ನೀವು ಬೇಗಂ ಬಜಾರಿಗೆ ಹೋದರೆ ಅಂಜೂರ ಕೊಳ್ಳಿ, ನನ್ನ ಹೆಸರು ಮಾತ್ರ ಎತ್ತಬೇಡಿ.