ಪುಟ್ಟಿಗೊಂದು ಕುಂಡ ಗೋಧಿ ಹುಲ್ಲು

ಪುಟ್ಟಿ ಹುಲ್ಲು ಜಗಿದಳು ಅಂತ ಗಾಬರಿ ಆಗಬೇಡಿ. ಅವಳ ಹೊಟ್ಟೆ ಕೆಟ್ಟಿಲ್ಲ, ನೀವು ಊಟ ಕಮ್ಮಿ ಹಾಕಿದ್ದೂ ಅಲ್ಲ. ಇದು ಬೆಕ್ಕಿನ ಕುಲಕ್ಕೇ ಬಂದ ಅಭ್ಯಾಸ. ಹುಲಿ ಹಸಿದರೂ ಹುಲ್ಲು ತಿನ್ನದು ಅಂತೀವಿ. ಆದರೆ ಕಾಡಿನಲ್ಲಿ ಹುಲಿಯ ಲದ್ದಿ ಬಿಡಿಸಿ ನೋಡುವವರಿಗೆ ಕೂದಲು, ಮೂಳೆಚೂರಿನ ನಡುವೆ ಹುಲ್ಲಿನ ಎಳೆಯೂ ಸಿಗುತ್ತದೆ. ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಅವರ ಜೊತೆಯವರು ಬೆಕ್ಕು ಸಾಕಿದ ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದ್ದರು. 2019ರಲ್ಲಿ ಅವರು ಹೇಳಿದ ಪ್ರಕಾರ ನೂರಕ್ಕೆ 71 ಬೆಕ್ಕುಗಳು ಕಡೇಪಕ್ಷ ಆರು ಸಲವಾದರೂ ಗಿಡವನ್ನೋ ಹುಲ್ಲನ್ನೋ ತಿಂದಿದ್ದವು. ತಿನ್ನುವ ಮೊದಲು ಹೆಚ್ಚಿನವು ಆರೋಗ್ಯವಾಗಿಯೇ ಇದ್ದವು. ಕರುಳಿನ ಜಂತುಹುಳುಗಳನ್ನು ಹೊರದೂಡಲು ಪೂರ್ವಜರು ಕಲಿತ ಉಪಾಯ ಇನ್ನೂ ರಕ್ತದಲ್ಲಿ ಉಳಿದಿರಬೇಕು ಅನ್ನುವುದು ಅವರ ಊಹೆ. ನನಗೂ ಅದು ಸರಿ ಅನ್ನಿಸುತ್ತದೆ.

ನನಗೆ ನಿಜವಾಗಿ ಭಯ ಇರುವುದು ನಿಮ್ಮ ಹಾಲಿನ ಮೂಲೆಯ ಮನಿಪ್ಲಾಂಟಿನ ಬಗ್ಗೆ. ಅದರ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಕಚ್ಚಿದರೆ ಬಾಯಿ, ನಾಲಿಗೆ ಉರಿದು ಜೊಲ್ಲು ಸುರಿಯುತ್ತದೆ. ಡಿಫನ್‌ಬೇಕಿಯಾದ ಕಥೆಯೂ ಅಷ್ಟೇ. ಲಿಲಿ ಹೂವನ್ನಂತೂ ಬೆಕ್ಕಿರುವ ಮನೆಯ ಹೊಸ್ತಿಲು ದಾಟಿಸಲೇಬಾರದು. ಎಲೆ ತಿನ್ನುವುದೇ ಬೇಡ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡುತ್ತದೆ. ರಸ್ತೆಯ ವಾಹನಗಳಿಗೆ ಹೆದರಿ ಅವಳನ್ನು ಒಳಗೇ ಇಟ್ಟಿದ್ದೀರಿ, ಒಳ್ಳೆಯದೇ. ಆದರೆ ಹಿತ್ತಲ ಗರಿಕೆ ಅವಳಿಗೆ ತಪ್ಪಿತಲ್ಲ. ಕಣ್ಣಿಗೆ ಕಂಡ ಹಸಿರಿಗೆ ಬಾಯಿ ಹಾಕದೆ ಏನು ಮಾಡಿಯಾಳು? ಅವಳದ್ದೇ ಅಂತ ಒಂದು ಕುಂಡ ಬೆಳೆಸಿಕೊಡಿ.

ಬೀಜಕ್ಕೆ ಅಂಗಡಿ ಹುಡುಕಬೇಕಿಲ್ಲ. ಹಿಟ್ಟು ಬೀಸಲು ತಂದ ಇಡೀ ಗೋಧಿ ಡಬ್ಬಿಯಲ್ಲಿ ಇದೆಯಲ್ಲ, ಅದರಲ್ಲಿ ಒಂದು ಹಿಡಿ ತೆಗೆಯಿರಿ. ಜವೆಗೋಧಿಯೂ ಆದೀತು, ಆದರೆ ಪಾಲಿಷ್ ಮಾಡಿದ ಬಾರ್ಲಿ ಮೊಳೆಯುವುದಿಲ್ಲ. ಬೆಳಗಿನ ತಿಂಡಿಯ ಓಟ್ಸ್ ಆವಿಯಲ್ಲಿ ಬೆಂದು ಚಪ್ಪಟೆಯಾದದ್ದು, ಅದೂ ಮೊಳೆಯದು. ಬಿತ್ತನೆ ಬೀಜ ಮಾತ್ರ ತರಲೇಬೇಡಿ. ಗುಲಾಬಿ ಬಣ್ಣ ಮೆತ್ತಿಕೊಂಡಿರುತ್ತದೆ ನೋಡಿ, ಥೈರಾಮಿನಂಥ ಶಿಲೀಂಧ್ರನಾಶಕ ಸವರಿದ ಗುರುತು ಅದು. ಇನ್ನು ಜೋಳ. ಹತ್ತಿರವೇ ಇದೆ, ಬೇಗ ಮೊಳೆಯುತ್ತದೆ ಅಂತ ಅದನ್ನು ಹಾಕಿಬಿಟ್ಟೀರಿ! ಎಳೆ ಜೋಳದ ಪೈರಿನಲ್ಲಿ ಧುರಿನ್ ಅಂತ ಒಂದು ವಸ್ತು ಇರುತ್ತದೆ, ಜಗಿದರೆ ಅದರಿಂದ ಸೈನೈಡ್ ಹುಟ್ಟುತ್ತದೆ. ಜೋಳ ಬೆಳೆಯುವ ರೈತರು ಎಳೆ ಪೈರಿಗೆ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದಕ್ಕೆ, ದನ ಬಿಡದಿರುವುದು ಇದಕ್ಕೇ. ದನಕ್ಕೇ ಆಗದ್ದನ್ನು ಬೆಕ್ಕಿಗೆ ಕೊಡುವುದುಂಟೇ?

ಬೆಳೆಸುವುದು ಮದುವೆಯ ಪಾಲಿಕೆಗಳಲ್ಲಿ ನವಧಾನ್ಯ ಮೊಳೆಸಿದ ಹಾಗೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದುಬಿಡಿ. ಬಹಳ ಹೊತ್ತು ಬಿಟ್ಟರೆ ಹುಳಿವಾಸನೆ ಬರುತ್ತದೆ. ಕುಂಡ ಅಗಲವಾಗಿ, ಭಾರವಾಗಿ ಇರಲಿ, ಎಳೆದರೂ ಮಗುಚಬಾರದು. ತಳಕ್ಕೆ ತೂತು ಬೇಕೇ ಬೇಕು. ಎರಡು ಮೂರು ಇಂಚು ಕೋಕೋಪೀಟ್, ಸ್ವಲ್ಪ ಎರೆಗೊಬ್ಬರ. ರಾಸಾಯನಿಕ ಗೊಬ್ಬರ, ಕೀಟನಾಶಕ ಯಾವುದೂ ಸೋಕಬಾರದು. ಕಾಳುಗಳನ್ನು ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಹರಡಿ, ಆದರೆ ಒಂದರ ಮೇಲೊಂದು ಬೇಡ. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಎರಡು ಮೂರು ದಿನಕ್ಕೆ ಮೊಳಕೆ ತಲೆಯೆತ್ತುತ್ತದೆ. ಆಗ ಬಟ್ಟೆ ತೆಗೆದು ಬೆಳಕಿರುವ ಕಿಟಕಿಗೆ ಸಾಗಿಸಿ. ಬೆಳಕು ಸಾಲದಿದ್ದರೆ ಹಳದಿಯಾಗಿ ಸೊರಗಿ ಮಲಗುತ್ತದೆ.

ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಅಂತ ಬಿಸಾಡಲು ಹೋಗಬೇಡಿ. ಅದು ಬೇರುರೋಮ, ನೀರು ಸಿಂಪಡಿಸಿದರೆ ಬೇರಿಗೆ ಅಂಟಿಕೊಂಡು ಮಾಯವಾಗುತ್ತದೆ. ನಿಜವಾದ ಬೂಷ್ಟು ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹಬ್ಬುತ್ತದೆ, ನೀರಿಗೂ ಹೋಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಅಂಥ ಕುಂಡವನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಮತ್ತೆ ಬಿತ್ತಿ. ಮಳೆಗಾಲದಲ್ಲಿ ಈ ಕಾಟ ಜಾಸ್ತಿ, ಗಾಳಿಯಾಡುವ ಕಡೆ ಇಡಿ, ನೀರು ಕಮ್ಮಿ ಮಾಡಿ.

ನಾಲ್ಕು ಬೆರಳು ಎತ್ತರ ಆಯಿತೋ, ಪುಟ್ಟಿಯ ಮುಂದಿಡಿ. ಬೇರುಸಮೇತ ಕೀಳುವ ಪೋರಿಯಾದರೆ ಕತ್ತರಿಯಿಂದ ನಾಲ್ಕು ಎಸಳು ಕತ್ತರಿಸಿ ಕೈಯಲ್ಲೇ ತಿನ್ನಿಸಿ. ಕತ್ತರಿಸಿದ್ದು ಒಂದೆರಡು ಸಲ ಮತ್ತೆ ಚಿಗುರುತ್ತದೆ, ಆಮೇಲೆ ಒರಟಾಗಿ ಹಳದಿಗೆ ತಿರುಗುತ್ತದೆ. ಹಾಗಾಗಿ ಒಂದು ಕುಂಡ ಅವಳಿಗೆ ಕೊಟ್ಟ ದಿನವೇ ಇನ್ನೊಂದಕ್ಕೆ ಗೋಧಿ ನೆನೆಸಿಬಿಡಿ. ಅಪರೂಪಕ್ಕೆ ಹುಲ್ಲಿನ ಜೊತೆ ಕೂದಲುಂಡೆ ಕಕ್ಕಿದರೆ ಹೆದರಬೇಡಿ. ಪದೇ ಪದೇ ವಾಂತಿ ಆದರೆ, ಊಟ ಬಿಟ್ಟರೆ, ಅಥವಾ ಇದ್ದಕ್ಕಿದ್ದಂತೆ ಒಂದೇ ಸಮನೆ ಸೀನಲು ಶುರುಮಾಡಿದರೆ ಕಾಯಬೇಡಿ. ಎಸಳು ಮೂಗಿನ ಹಿಂಭಾಗಕ್ಕೆ ಸಿಕ್ಕಿಕೊಳ್ಳುವುದುಂಟು, ಅದನ್ನು ಪಶುವೈದ್ಯರೇ ತೆಗೆಯಬೇಕು. ನಿಮ್ಮಲ್ಲಿ ಇಡೀ ಗೋಧಿ ಇಲ್ಲದಿದ್ದರೆ ಹೇಳಿ, ನಮ್ಮ ಡಬ್ಬಿಯಲ್ಲಿದೆ. ಈಗಲೇ ತಂದೆ, ಅಲ್ಲೇ ನಿಂತಿರಿ.